ಕುಲಾವಿಯ ಲಾಡಿ

ವಿಡಿಯೊ ಕರೆಯ ಪರದೆಯಲ್ಲಿ ಹಾಲು ಚೀಪುತ್ತಿದ್ದ ಮಗುವಿನ ಬಾಯಿಂದ ‘ಟಕ್’ ಎಂಬ ಸಣ್ಣ ಸದ್ದು ಬಂತು. ಹಾಲೂಟದ ಪರೀಕ್ಷಕಿ ವಾರಿಜಾಕ್ಷಿ ಪರದೆಯತ್ತ ಬಾಗಿದಳು. ಮೊಲೆಯ ಹಿಡಿತ ತಪ್ಪಿದ ಬಾಯಿಯ ಸದ್ದು ಅದು. ಅಂಥ ಹತ್ತು ಸದ್ದನ್ನು ಕರೆ ಆಲಿಸುವ ಯಂತ್ರ ಎಣಿಸಿತೆಂದರೆ ವ್ಯಾನು ಬಂದು ಕೂಸನ್ನು ಸರ್ಕಾರಿ ಪೋಷಣಾಲಯಕ್ಕೆ ಒಯ್ಯುತ್ತಿತ್ತು. ಹಲ್ಲು ಮೂಡಿದ ಮೇಲಷ್ಟೇ ವಾಪಸು. ಪರೀಕ್ಷೆ ನಡೆಯುವಾಗ ಅವಳು ತುಟಿಪಿಟಕ್ಕೆನ್ನುವಂತಿರಲಿಲ್ಲ. ಸಹಾಯ ಮಾಡಿದರೆ ಕೆಲಸ ಹೋಗುತ್ತಿತ್ತು.

ಈಗಾಗಲೇ ಎಂಟು ಸದ್ದಾಗಿತ್ತು.

“ಕುಡಿಯೋ ನನ್ನಪ್ಪಾ,” ಬಾಣಂತಿ ಸುಲೋಚನಾ ಅಳುವಂತಾದಳು.

“ಥೇಟ್ ಅವರಪ್ಪನೇ, ಉಣ್ಣೋಕೆ ನೂರು ಸಲ ಕರೀಬೇಕು,” ಎಂದರು ಅತ್ತೆ. “ಮೇಡಂ ನೋಡ್ತಾರೆ ಅಂತ ಹೊಸ ಕುಲಾವಿ ಬೇರೆ ಕಟ್ಟಿದೀನಿ.”

ಆಗ ವಾರಿಜಾಕ್ಷಿಗೆ ಕಂಡಿತು. ಕುಲಾವಿಯ ಲಾಡಿ ಗದ್ದದಡಿ ಬಿಗಿದು, ಮಗುವಿಗೆ ಬಾಯಿ ಅಗಲಿಸಲು ಆಗುತ್ತಿರಲಿಲ್ಲ.

ಒಂಬತ್ತು.

ಯಂತ್ರಕ್ಕೆ ಕಿವಿಯಿತ್ತು, ಕಣ್ಣಿರಲಿಲ್ಲ. ಅವಳು ತನ್ನ ಗದ್ದದ ಕೆಳಗೆ ಗಂಟು ಬಿಚ್ಚುವಂತೆ ಬೆರಳಾಡಿಸಿದಳು.

“ಸೊಳ್ಳೇನಾ ಮೇಡಂ?” ಎಂದರು ಅತ್ತೆ.

ಸುಲೋಚನಾಗೆ ಅರ್ಥವಾಯಿತು. ಲಾಡಿ ಎಳೆದು ಬಿಚ್ಚಿದಳು. ಮಗು ಬಾಯಿ ತುಂಬ ಹಿಡಿದು ಗುಟುಕುಗುಟುಕಾಗಿ ಕುಡಿಯತೊಡಗಿತು.

‘ಸಹಾಯ ಮಾಡಿದಿರಾ?’ ಎಂದು ಕೊನೆಯಲ್ಲಿ ಯಂತ್ರ ಕೇಳಿತು. ವಾರಿಜಾಕ್ಷಿ ‘ಇಲ್ಲ’ ಒತ್ತಿದಳು. ಗಂಡನ ಮುಂದೆಯೂ ಇದನ್ನು ಬಾಯಿಬಿಡಬಾರದೆಂದು ಮನಸ್ಸು ಗಟ್ಟಿಮಾಡಿಕೊಂಡು, ಮುಂದಿನ ಮಗುವಿನ ಕರೆ ತೆಗೆದುಕೊಂಡಳು.