ಉದ್ದ ತೋಳಿನ ಅಂಗಿ

ಎಲ್ಲರ ಮಣಿಕಟ್ಟಿಗೂ ಮನಸ್ಸಿನ ಬಣ್ಣ ತೋರಿಸುವ ಪಟ್ಟಿ ಬಂದು ಇಪ್ಪತ್ತು ವರ್ಷವಾಗಿತ್ತು. ಹುಬ್ಬಳ್ಳಿಯ ಮನೋಚಿಕಿತ್ಸಕಿ ದಾಕ್ಷಾಯಿಣಿ ಪತ್ರಿಕೆಗಳಿಗೆ ಸಲಹೆ ಕೊಡಲು ಶುರುಮಾಡಿದ್ದೂ ಆಗಲೇ. "ಏನನ್ನೂ ಮುಚ್ಚಿಡಬೇಡಿ" ಎಂಬುದೇ ಅವರ ಖಾಯಂ ಮಾತು. ಸಲಹೆಯ ಪಕ್ಕದಲ್ಲಿ ತಜ್ಞರ ಮಣಿಕಟ್ಟಿನ ಪಟ್ಟಿಯ ಬಣ್ಣವನ್ನೂ ಅಚ್ಚುಹಾಕುವುದು ರೂಢಿ. ಅವರದು ಯಾವಾಗಲೂ ನೆಮ್ಮದಿಯ ಹಸಿರು.

ಅವತ್ತು ನಡುವಯಸ್ಸಿನ ವರದಿಗಾರ ಇಮ್ತಿಯಾಜ್ ಕೇಳಿದ, "ಮಕ್ಕಳನ್ನ ಹಾಸ್ಟೆಲ್‌ಗೆ ಕಳಸೋ ತಂದಿ-ತಾಯಿಗೆ ಏನ್ ಹೇಳ್ತೀರ್ರಿ ಮೇಡಂ?"

ದಾಕ್ಷಾಯಿಣಿಗೆ ಗದಗ ಸ್ಟೇಷನ್ ನೆನಪಾಯಿತು. ಹಾಸ್ಟೆಲ್‌ಗೆ ಹೊರಟ ಹನ್ನೊಂದು ವರ್ಷದ ಹುಡುಗಿಯಾಗಿ ರೈಲಿನ ಕಿಟಕಿಯ ಬಳಿ ಕೂತಿದ್ದಳು. ಹೊರಗೆ ಅಪ್ಪ ಟೋಪಿ ತಿರುಗಿಸಿ ಹಾಕಿಕೊಂಡು, ಮುಖ ಸೊಟ್ಟ ಮಾಡಿ ನಗಿಸುತ್ತಿದ್ದರು. ಅವಳು ನಗುನಗುತ್ತಲೇ ಹೋದಳು. ರೈಲು ಹೊರಟ ಮೇಲೆ ಅಪ್ಪ ಬೆಂಚಿನ ಮೇಲೆ ಕೂತು ಅತ್ತಿದ್ದನ್ನು, ಅವರು ತೀರಿಕೊಂಡ ನಂತರವಷ್ಟೇ ಅವ್ವ ಹೇಳಿದ್ದಳು.

"ಮೇಡಂ, ನಿಮ್ಮ ಪಟ್ಟಿ ನೀಲಿ ಆಗೇತ್ರಿ," ಇಮ್ತಿಯಾಜ್ ಮೆಲ್ಲಗೆ ಹೇಳಿದ. "ದುಃಖದ ಬಣ್ಣ ಅಚ್ಚಾದ್ರ ನಿಮ್ಮ ಸಲಹೆ ಯಾರು ನಂಬ್ತಾರ? ನಾಳೆ ಬರ್ಲೇನ್ರಿ?"

"ಬ್ಯಾಡಪಾ, ನೀಲಿನ ಹಾಕು. ಬರಕೋ: ಕಳಸೋ ದಿನ ಉದ್ದ ತೋಳಿನ ಅಂಗಿ ಹಾಕ್ಕೋರಿ. ಪಟ್ಟಿ ಕಾಣದಂಗ ಇರ್ಲಿ. ಕೂಸು ನಕ್ಕೋತ ಹೋಗ್ಲಿ."

ಅವನು ಬರೆದುಕೊಂಡ. ಮಡಚಿದ್ದ ತನ್ನ ಅಂಗಿಯ ತೋಳನ್ನು ಮಣಿಕಟ್ಟಿನ ಪಟ್ಟಿ ಮುಚ್ಚುವವರೆಗೆ ಇಳಿಸಿಕೊಂಡ.

"ನನ್ನ ಮಗಳು ಸೋಮವಾರ ಹೊಂಟಾಳ್ರಿ," ಎಂದು ನಕ್ಕ.

ಎಷ್ಟೋ ವರ್ಷಗಳ ಮೇಲೆ ದಾಕ್ಷಾಯಿಣಿ ಒಬ್ಬರ ಮನಸ್ಸನ್ನು ಮುಖ ನೋಡಿ ತಿಳಿದುಕೊಂಡರು.