ಸದ್ಯಕ್ಕೆ ಸರಿ

ಸೀಮೆಸುಣ್ಣದಲ್ಲಿ ‘ಸ’ ಎಂದು ಬರೆದ ಮೇಲೆ ರಿಪೇರಿ ಮೇಸ್ತ್ರಿಯ ಕೈ ಅಲ್ಲೇ ನಿಂತಿತು. ಡಿಪೋದ ಕರಿಹಲಗೆಯಲ್ಲಿ ಹದಿನಾಲ್ಕನೇ ನಂಬರ್ ಬಸ್ಸಿನ ಮುಂದೆ ಅವಳು ಒಂಬತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಬರೆಯುತ್ತಿದ್ದುದು ಎರಡೇ ಮಾತು: ‘ಸದ್ಯಕ್ಕೆ ಸರಿ’. ಬಸ್ಸಿನ ಹೆಸರೇ ಅದಾಗಿಹೋಗಿತ್ತು. “‘ಸದ್ಯಕ್ಕೆ’ನ ಇವತ್ತು ಯಾರ ತಲೆಗೆ ಕಟ್ಟಿದ್ದಾರಪ್ಪಾ?” ಎಂದು ಡ್ರೈವರುಗಳು ಕೇಳಿಕೊಂಡು ನಗುತ್ತಿದ್ದರು.

ಈಗಷ್ಟೇ ಬಸ್ಸಿನ ಅಡಿಯಿಂದ ಎದ್ದು ಬಂದಿದ್ದ ಅವಳ ಎಡಗೈಯಲ್ಲಿ ಬಸ್ಸಿನ ಇಡೀ ಭಾರ ಹೊರುವ ಚಾಸಿಯ ಒಂದು ತುಂಡಿತ್ತು. ಸುತ್ತಿಗೆಯಿಂದ ಹೊಡೆದು ತೆಗೆದದ್ದಲ್ಲ. ತುಕ್ಕು ತಿಂದು, ಬೆರಳು ತಾಗಿದ್ದಕ್ಕೇ ಮುರಿದು ಬಂದದ್ದು.

“ಒಂದು ವೆಲ್ಡಿಂಗ್ ಹೊಡೆದುಬಿಡಿ ಅಕ್ಕಾ,” ಎಂದರು ಮ್ಯಾನೇಜರ್. “ನಿಮ್ಮ ಕೈಗುಣಕ್ಕೆ ಸತ್ತಿದ್ದೂ ಎದ್ದು ಓಡುತ್ತೆ. ಹೊಸ ಬಸ್ ಕೊಡಿ ಅಂದ್ರೆ ಮೇಲಿನೋರು ಈ ಹಲಗೆ ನೋಡಿ, ‘ಓಡ್ತಾ ಇದೆಯಲ್ಲ’ ಅಂತಾರೆ. ನಾನೇನ್ ಮಾಡ್ಲಿ?”

ಅವಳು ತಿರುಗಿ ಅವರನ್ನೇ ನೋಡಿದಳು. “ಅಂದ್ರೆ, ಹೊಸದು ಬರದೇ ಇರೋದು ನನ್ನ ಕೈಗುಣದಿಂದ?”

ಮ್ಯಾನೇಜರ್ ಗಡಿಯಾರದ ಕಡೆ ಕಣ್ಣು ಹೊರಳಿಸಿದರು. ಗೇಟಿನಾಚೆ ಆರೂವರೆಯ ಟ್ರಿಪ್ಪಿಗೆ ಜನ ಆಗಲೇ ಸಾಲುಗಟ್ಟಿ ನಿಂತಿದ್ದರು. “ಬೇಗ ಬರೀರಿ ಅಕ್ಕಾ, ಜನ ಕಾಯ್ತಿದ್ದಾರೆ.”

“ಕಾಯ್ಲಿ ಬಿಡಿ. ಕಾದು ಯಾರೂ ಸಾಯಲ್ಲ.”

ಹಾಗೆಂದವಳೇ ಆ ತುಂಡನ್ನು ಅವರ ಕೈಯಲ್ಲಿಟ್ಟು ಹಲಗೆಯತ್ತ ತಿರುಗಿದಳು. ಬರೆದಿದ್ದ ‘ಸ’ವನ್ನು ಅಳಿಸಲಿಲ್ಲ. ಅದಕ್ಕೊಂದು ದೀರ್ಘ ಎಳೆದು, ಪಕ್ಕದಲ್ಲಿ ಇನ್ನೊಂದೇ ಅಕ್ಷರವನ್ನು ಒತ್ತಿ ಬರೆದಳು.

ಸಾಕು.