ಅರಿಶಿನದ ತ್ರಿಕೋನಗಳು

ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚಲು ಕುಳಿತರೆ, ಆ ವಾಸನೆಗೆ ಭದ್ರಾವತಿಯ ಕ್ವಾರ್ಟರ್ಸಿನ ಒಂದು ಮಧ್ಯಾಹ್ನ ಈಗಲೂ ಎದುರು ಬಂದು ಕೂರುತ್ತದೆ.

ಶಿವಮೊಗ್ಗದ ವಿಜ್ಞಾನ ಪ್ರದರ್ಶನಕ್ಕೆ ನಾನು ಬರೀ ತ್ರಿಕೋನಗಳಿಂದ ಗುಮ್ಮಟ ಮಾಡಬೇಕಿತ್ತು. ದಪ್ಪ ಕಾಗದ ಹುಡುಕುತ್ತ ಅಟ್ಟದಿಂದ ಒಂದು ಕಟ್ಟು ಇಳಿಸಿದೆ. ಅವು ನಮ್ಮ ಜೊತೆಗೇ ಇದ್ದ ಅತ್ತೆಯ, ಅಪ್ಪನ ತಂಗಿಯ, ಮದುವೆಯ ಪತ್ರಿಕೆಗಳು. ಹಂಚುವ ಮೊದಲೇ ಮದುವೆ ಮುರಿದುಬಿದ್ದಿತ್ತು. ಅರಿಶಿನ ಮಾತ್ರ ಆಗಲೇ ಹಚ್ಚಿಯಾಗಿತ್ತು.

"ಅದನ್ಯಾಕೆ ಇಳಿಸಿದ್ಯೇ?" ಅಮ್ಮ ಗದರಿದಳು.

"ಬಿಡಿ ಅತ್ತಿಗೆ, ಗಟ್ಟಿ ಕಾಗದ. ಇನ್ಯಾರಿಗೆ ಹಂಚೋದಿದೆ?" ಎಂದ ಅತ್ತೆ ತಾನೇ ಕತ್ತರಿ ಹಿಡಿದು ಕುಳಿತಳು. ಊಟಕ್ಕೂ ಏಳದೆ ಕತ್ತರಿಸಿದಳು.

ಎಲ್ಲ ತ್ರಿಕೋನಗಳ ಮೂರೂ ಬದಿ ಒಂದೇ ಅಳತೆ. ಆರಾರನ್ನು ಒಂದು ಚುಕ್ಕೆಯ ಸುತ್ತ ಮೈದಾ ಅಂಟಿನಿಂದ ಜೋಡಿಸಿದರೆ ಗುಮ್ಮಟ ಏಳಲೇ ಇಲ್ಲ, ಚಾಪೆಯ ಹಾಗೆ ನೆಲದ ಮೇಲೆ ಮಲಗಿತು. ನನಗೆ ಅಳು ಬಂತು. ಅತ್ತೆ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಆರರಲ್ಲಿ ಒಂದನ್ನು ಕಿತ್ತು, ಉಳಿದ ಐದರ ಅಂಚುಗಳನ್ನು ಎಳೆದು ಕೂಡಿಸಿದಳು. ಕಾಗದ ಮೆಲ್ಲಗೆ ಬೆನ್ನೆತ್ತಿತು.

"ಒಂದು ಹೋದ್ರೂ ನಿಲ್ಲುತ್ತೆ ನೋಡು ಮಾರಾಯ್ತಿ," ಎಂದಳು, ದಣಿದ ದನಿಯಲ್ಲಿ.

ಕಿತ್ತ ಚೂರನ್ನು ಕಸಕ್ಕೆ ಹಾಕಲು ನಾನು ಕೈ ಚಾಚಿದೆ. ಅತ್ತೆ ಮುಷ್ಟಿ ಬಿಚ್ಚಲಿಲ್ಲ.